ದೂರ ಅಳೆಯುವ ಮಹಾಶಯರಿಗೆ ಮಂಜೇಶ್ವರದಿಂದ

ಎರಡು ಊರುಗಳ ನಡುವಿನ ದೂರವನ್ನೂ ವಿಮಾನ ಹಾರುವ ಹೊತ್ತನ್ನೂ ಲೆಕ್ಕ ಹಾಕುವ ಮಹಾಶಯರೇ,

ಮಂಗಳೂರಿನಿಂದ ತಿರುವನಂತಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 540 ಕಿ.ಮೀ., ವಿಮಾನದ ವೇಗ ಗಂಟೆಗೆ 800, ಅಂದರೆ ನಲವತ್ತು ನಿಮಿಷ ಅನ್ನುತ್ತೀರಿ. ಏರಲಿಕ್ಕೆ, ಇಳಿಯಲಿಕ್ಕೆ ಅಂತ ಅರ್ಧ ಗಂಟೆ ಉದಾರವಾಗಿ ಸೇರಿಸುತ್ತೀರಿ. ಭಾಗಾಕಾರದಲ್ಲಿ ತಪ್ಪಿಲ್ಲ ಮಾರಾಯ್ರೆ. ಆದರೆ ವಿಮಾನ ಹಿಡಿಯಲು ನಾವು ಮೊದಲು ತಲಪಾಡಿಯ ಗಡಿ ದಾಟಬೇಕು. ತೆಂಕಣ ರಾಜಧಾನಿಗೆ ಹೋಗುವವನು ಬಡಗು ದಿಕ್ಕಿಗೆ ಮುಖ ಮಾಡಿ ಹೊರಡುವುದು ನಿಮ್ಮ ಗೆರೆಯಲ್ಲಿ ಕಾಣುವುದಿಲ್ಲ.

1951ರಲ್ಲಿ ನೆಹರೂ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಬಂದಿಳಿದಾಗ ಮಂಜೇಶ್ವರವೂ ಬಜ್ಪೆಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ರಾಷ್ಟ್ರಕವಿ ಗೋವಿಂದ ಪೈಗಳು ಇಲ್ಲಿ ತಮ್ಮ ಪುಸ್ತಕಗಳ ನಡುವೆ ಕೂತಿದ್ದ ಕಾಲ. 1956ರ ನವೆಂಬರ್ 1ರಂದು ಮಂಜೇಶ್ವರ ಕೇರಳಕ್ಕೆ ಸೇರಿದಾಗ ರನ್‌ವೇ ಅಲ್ಲೇ ಇತ್ತು, ನಾವೂ ಇಲ್ಲೇ ಇದ್ದೆವು, ರಾಜಧಾನಿ ಮಾತ್ರ ಹಾರಿತು. ಮದರಾಸಿನಿಂದ ಹಾರಿದ್ದು ಬೆಂಗಳೂರಿನಲ್ಲಿ ಇಳಿದಿದ್ದರೆ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ಆಗುತ್ತಿತ್ತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ, ಅಂದರೆ ಆಗಿನ ಮೈಸೂರಿಗೆ, ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗವೂ ಬರೆಯಿತು. ಆ ವರದಿ ಇನ್ನೂ ಗಾಳಿಯಲ್ಲೇ ಸುತ್ತುತ್ತಿದೆ. ಅದು ಇಳಿಯುವ ಹೊತ್ತು ಗೊತ್ತಿದ್ದರೆ ತಿಳಿಸಿ.

ದುಬೈ ವಿಷಯದಲ್ಲಿ ನಿಮ್ಮ ಲೆಕ್ಕಕ್ಕೆ ಪೂರ್ಣಾಂಕ. ಮಂಗಳೂರಿನಿಂದ ಸುಮಾರು 2,450 ಕಿ.ಮೀ., ನಾಲ್ಕು ಗಂಟೆಯೊಳಗೆ ಮುಟ್ಟಬಹುದು. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದಿರುವುದರಿಂದ ಎರಡೂವರೆ ಗಂಟೆಯಲ್ಲೇ ಮುಟ್ಟಿದಂತೆ ಕಾಣುತ್ತದೆ. ಆದ್ದರಿಂದಲೇ ನಮ್ಮೂರ ಹುಡುಗರಿಗೆ ದೇರಾದ ಗಲ್ಲಿಗಳು ಗೊತ್ತು, ತಿರುವನಂತಪುರದ ಸೆಕ್ರೆಟರಿಯೇಟಿನ ಗೇಟು ಗೊತ್ತಿಲ್ಲ. ರಾಜಧಾನಿಗೆ ರಾತ್ರಿ ರೈಲು ಹತ್ತಬೇಕು, ಕಣ್ಣು ಬಿಟ್ಟಾಗಲೂ ಕೇರಳ ಮುಗಿದಿರುವುದಿಲ್ಲ. ವಂದೇ ಭಾರತ್ ಬೇಗ ಮುಟ್ಟಿಸುತ್ತದೆ, ನಿಜ. ಮಂಜೇಶ್ವರಕ್ಕೆ ಅದು ಕೊಡುವುದು ಧೂಳು ಮಾತ್ರ.

ಹಾಗಂತ ಮಂಗಳೂರು ಹತ್ತಿರ ಎಂದುಕೊಳ್ಳಬೇಡಿ. ಇಪ್ಪತ್ತು ಚಿಲ್ಲರೆ ಕಿ.ಮೀ. ಅಂತ ನಾವೂ ನಂಬಿದ್ದೆವು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಮುಚ್ಚಿದರು, ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ವಾಪಸಾದರು, ಕೆಲವರು ಉಳಿಯಲಿಲ್ಲ. ಆ ದಿನಗಳ ದೂರವನ್ನು ಯಾವ ಅಳತೆಯಲ್ಲಿ ಬರೆಯುತ್ತೀರಿ?

ಇನ್ನು ನನ್ನ ಅರ್ಜಿಯ ಕತೆ. ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು ಎಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲಿತ್ತು. ಅದನ್ನು ನಂಬಿ ರಾಜಧಾನಿಯ ಒಂದು ಕಚೇರಿಗೆ ಕನ್ನಡದಲ್ಲಿ ಬರೆದೆ. ಹದಿನಾಲ್ಕು ತಿಂಗಳಿಗೆ ಉತ್ತರ ಬಂತು, ಮಲಯಾಳದಲ್ಲಿ. ಮಂಜೇಶ್ವರದಿಂದ ಹೋಗಿ ಬರುವ ದಾರಿ ನಿಮ್ಮ ನೇರ ಗೆರೆಯಲ್ಲಿ ಸುಮಾರು 1,040 ಕಿ.ಮೀ., ಅಂದರೆ ಗಂಟೆಗೆ ನೂರು ಮೀಟರು. ನಮ್ಮ ಗದ್ದೆಯ ಆಮೆ ಇದಕ್ಕಿಂತ ಚುರುಕು. ಪಕ್ಕದ ಮನೆಯ ಮಾಷ್ಟ್ರು ಓದಿ ಅರ್ಥ ಹೇಳಿದರು: ಅರ್ಜಿಯನ್ನು ಮಲಯಾಳಕ್ಕೆ ತರ್ಜುಮೆ ಮಾಡಿ ಮತ್ತೆ ಕಳಿಸಬೇಕಂತೆ.

ಕಳಿಸುತ್ತಿದ್ದೇನೆ. ಈ ಸಲ ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಒಮ್ಮೆ ನೋಡಿ ಹೇಳಿ.

ಇತಿ,
ತಲಪಾಡಿಯ ಇತ್ತಲಿನವ