ಗಡಿಯಾರಕ್ಕೆ ಅವಸರ ಹತ್ತಿಸಿದವರು

1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಸಾಕು, ಅದು 450ರಲ್ಲಿ ಓಡತೊಡಗುತ್ತಿತ್ತು. ದುಬಾರಿ ಪೆಂಟಿಯಂ 2ರ ಅಂದಿನ ತುದಿವೇಗವೂ ಅಷ್ಟೇ. ಗಾಂಧಿ ಕ್ಲಾಸಿನ ಟಿಕೆಟು ತೆಗೆದು ಬಾಲ್ಕನಿಯಲ್ಲಿ ಕೂತಂತೆ!

ಎರಡು ವರ್ಷ ಕಳೆಯುವಷ್ಟರಲ್ಲಿ ಎಎಂಡಿಯ ಡ್ಯೂರಾನ್ ಬಂತು. ಕಂಪನಿ ಚಿಪ್ಪಿನ ಮೇಲಿನ ಪುಟ್ಟ ಸೇತುವೆಗಳನ್ನು ಕತ್ತರಿಸಿ ವೇಗಕ್ಕೆ ಬೀಗ ಜಡಿದಿತ್ತು. ಉತ್ಸಾಹಿಗಳು ಪೆನ್ಸಿಲ್ ಹಿಡಿದು ಆ ಬಿರುಕಿನ ಮೇಲೆ ಗೀಚಿದರು. ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದಲ್ಲ, ಬೀಗ ಬಿಚ್ಚಿಕೊಂಡಿತು.

ಈಗ ಪೆನ್ಸಿಲ್ ಬೇಕಿಲ್ಲ. ಇಂಟೆಲ್ ಡೆಸ್ಕ್‌ಟಾಪ್ ಚಿಪ್ಪಿನ ಹೆಸರಿನ ಕೊನೆಗೆ ‘ಕೆ’ ಇದ್ದರೆ, ಜೊತೆಗೆ ತಕ್ಕ ಮದರ್‌ಬೋರ್ಡ್ ಇದ್ದರೆ, ಬಯೋಸ್‌ನಲ್ಲಿ ಎಲ್ಲವೂ ಮುಕ್ತ. ಕಷ್ಟ ಶುರುವಾಗುವುದೇ ಅಲ್ಲಿ. ಹೊಸಬನ ಬೆರಳು ನೇರ ಹೋಗುವುದು ವೋಲ್ಟೇಜಿಗೆ. ಚಿಪ್ಪು ಎಳೆಯುವ ವಿದ್ಯುತ್ತು ವೇಗದ ಜೊತೆಗೆ ಏರುವುದಷ್ಟೇ ಅಲ್ಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡನ್ನೂ ಶೇ. 10 ಹೆಚ್ಚಿಸಿದರೆ ವಿದ್ಯುತ್ತು ಸುಮಾರು ಶೇ. 33 ಹೆಚ್ಚು. ಅಷ್ಟೂ ಶಾಖವಾಗುತ್ತದೆ.

ಆದ್ದರಿಂದ ಬಲ್ಲವರು ವೋಲ್ಟೇಜನ್ನು ಕೊನೆಗೆ ಮುಟ್ಟುತ್ತಾರೆ. ಬಸ್ ವೇಗವನ್ನು ಗುಣಿಸಿ ಚಿಪ್ಪಿನ ವೇಗ ಕೊಡುವ ಗುಣಕವನ್ನು ಒಂದೇ ಮೆಟ್ಟಿಲು, ಅಂದರೆ 100 ಮೆಗಾಹರ್ಟ್ಸ್ ಏರಿಸಿ, ಚಿಪ್ಪನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ ಓಡಿಸಿ, ತಾಪಮಾನ ನೋಡುತ್ತಾ ಕೂರುತ್ತಾರೆ. ನೋಡಲು ಬೇಸರದ ಕೆಲಸ, ನಿಜ. ‘ವಿಂಡೋಸ್ ತೆರೆದುಕೊಂಡಿತು’ ಎಂದು ಸ್ನೇಹಿತರಿಗೆ ಫೋಟೋ ಕಳಿಸುವವನದು ಬೇರೆ ಗುಂಪು. ಅವನ ಸಂಭ್ರಮ ಮೊದಲ ನೀಲಿ ಪರದೆಯವರೆಗೆ. ಯಂತ್ರ ಏಳದೇ ಹೋದರೂ ಗಾಬರಿ ಬೇಡ. ಪವರ್ ತಂತಿ ಕಿತ್ತು, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟರೆ ಬಯೋಸ್ ಸಾಮಾನ್ಯವಾಗಿ ಹಳೆಯ ಬುದ್ಧಿಗೆ ಮರಳುತ್ತದೆ.

ಕಲಬುರಗಿ, ರಾಯಚೂರಿನವರಿಗೆ ಇನ್ನೊಂದು ಲೆಕ್ಕವಿದೆ. ಫ್ಯಾನ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಡಿಸೆಂಬರಿನಲ್ಲಿ ಸದ್ದಿಲ್ಲದೆ ಓಡಿದ ವೇಗ ಏಪ್ರಿಲ್‌ನಲ್ಲಿ ಮುಗ್ಗರಿಸಬಹುದು. ಇಂಟೆಲ್‌ನ ಹಲವು ಚಿಪ್ಪುಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಲೇ ತಾವಾಗಿ ವೇಗ ಇಳಿಸಿಕೊಳ್ಳುತ್ತವೆ. ಮಾಲೀಕನಿಗಿಂತ ಅವಕ್ಕೇ ವಿವೇಕ ಹೆಚ್ಚು.

ಇಷ್ಟಾಗಿ, ಇಂದಿನ ಪ್ರೊಸೆಸರುಗಳು ಶಾಖಕ್ಕೆ ಅವಕಾಶವಿದ್ದಷ್ಟೂ ಸ್ವತಃ ವೇಗ ಏರಿಸಿಕೊಳ್ಳುವುದರಿಂದ ಸೆಲೆರಾನ್ ಕಾಲದ ಲಾಭ ಈಗಿಲ್ಲ. ಶುದ್ಧ ಹವ್ಯಾಸವೆಂದು ಇಳಿಯುವವರು ಲ್ಯಾಪ್‌ಟಾಪನ್ನು ಬಿಟ್ಟುಬಿಡಿ, ವಾರಂಟಿ ಕಾಗದವನ್ನು ಮೊದಲೇ ಓದಿ: ಹೀಗೆ ವೇಗ ಹೆಚ್ಚಿಸುವ ಓವರ್‌ಕ್ಲಾಕಿಂಗ್‌ನಿಂದಾದ ಹಾನಿ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.