ಅಪ್‌ಗ್ರೇಡ್ ಕಾಕಾ

ಖಾನಾಪುರದ ನೌಕರದಾರರು ದಿನಾ ಬೆಳಗಾವಿಗೆ ‘ಅಪ್-ಡೌನ್’ ಮಾಡುತ್ತಾರೆ. ಸುಮಾರು 26 ಕಿಲೋಮೀಟರ್ ದಾರಿ. ಮುಂಜಾನೆ ಹೋಗುವುದು, ಸಂಜೆ ಬರುವುದು. ನಮ್ಮ ಬಾಜೂ ಮನೆಯ ಕಾಕಾ ಅದರ ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾರೆ. ಅದರಲ್ಲಿ ಡೌನ್ ಇಲ್ಲವೇ ಇಲ್ಲ, ಬರೀ ಅಪ್: ಅಪ್‌ಗ್ರೇಡ್.

ಇಂಥವರು ಓಣಿಗೊಬ್ಬರು ಇರುತ್ತಾರೆ. ಬೆಳಗಾವಿಯ ತಿಳಕವಾಡಿಯಲ್ಲೂ ಸಿಗುತ್ತಾರೆ, ಶಹಾಪುರದಲ್ಲೂ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಕಿಸೆಯಲ್ಲಿ ಪೆನ್ನಿನ ಮಗ್ಗುಲಿಗೆ ಸ್ಟಾರ್ ಸ್ಕ್ರೂಡ್ರೈವರ್ ಇರುತ್ತದೆ. ಮನೆಯ ಕಂಪ್ಯೂಟರಿನ ಒಂದು ಬದಿಯ ಪತ್ರಾ ಯಾವಾಗಲೂ ಬಿಚ್ಚಿರುತ್ತದೆ. ಹಾಕಿದರೆ ಮತ್ತೆ ತೆಗೆಯಬೇಕಲ್ಲ, ಅದಕ್ಕೆ. ಹೊಸ ಕಂಪ್ಯೂಟರ್ ಕೊಂಡವರನ್ನು ಕಂಡರೆ ಮುಖದಲ್ಲೊಂದು ಕನಿಕರ ಮೂಡುತ್ತದೆ, ಮನೆಯಲ್ಲಿ ರೊಟ್ಟಿ ಬಡಿಯುವವರಿದ್ದೂ ಖಾನಾವಳಿ ಡಬ್ಬಿ ತರಿಸುವವರನ್ನು ಕಂಡಂತೆ.

ಕಾಕಾರ ಕಂಪ್ಯೂಟರ್ 2008ರದು. ಮಗ ಎಸ್ಸೆಸ್ಸೆಲ್ಸಿ ಪಾಸಾದಾಗ ಬೆಳಗಾವಿಯಲ್ಲಿ ಜೋಡಿಸಿ ತಂದದ್ದು: ಪೆಂಟಿಯಮ್ ಡ್ಯುಯಲ್ ಕೋರ್, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಅಂದು ಕಾಕು ಪೂಜೆ ಮಾಡಿ ಕ್ಯಾಬಿನೆಟ್ಟಿನ ಹಣೆಗೆ ಹಚ್ಚಿದ ಕುಂಕುಮದ ಕಲೆ ಇವತ್ತಿಗೂ ಇದೆ. ಮಗ ಓದಿದ, ಬೆಂಗಳೂರಿಗೆ ಹೋದ, ಲ್ಯಾಪ್‌ಟಾಪಿನವನಾದ. 2015ರ ಏಪ್ರಿಲ್‌ನಲ್ಲಿ ಜಿಟಿಎ ಆಟದ ಐದನೇ ಭಾಗ ಕಂಪ್ಯೂಟರಿಗೆ ಬಂತು. ಸೂಟಿಗೆ ಬಂದಿದ್ದ ಹುಡುಗ ಮೂಲೆಯ ಡಬ್ಬಿಯನ್ನು ನೋಡಿ, “ಅಪ್ಪಾ, ಇದ್ರಾಗ ಅದು ನಡಿಯಂಗಿಲ್ಲ ಬಿಡು” ಅಂದ. ಅಂದವನು ಮರುದಿನ ಬಸ್ ಹತ್ತಿ ಮರೆತ. ಕಾಕಾ ಮರೆಯಲಿಲ್ಲ. ಎತ್ತಿನ ಮಾಲೀಕನ ಎದುರಿಗೇ ‘ಈ ಎತ್ತು ಏರಿ ಏರಂಗಿಲ್ಲ’ ಅಂದಂತಾಗಿತ್ತು ಅದು. ಅಲ್ಲಿಯತನಕ ಕಾಕಾ ಕಂಪ್ಯೂಟರಿನಲ್ಲಿ ಆಡಿದ್ದು ಇಸ್ಪೀಟು ಒಂದೇ, ಅದೂ ಸೋಲುತ್ತ.

ಎರಡು ದಿನ ಹುಡುಕಿ ಆ ಆಟಕ್ಕೆ ಬೇಕಾದ ಕನಿಷ್ಠ ಸಾಮಾನಿನ ಪಟ್ಟಿ ತೆಗೆದರು. 4 ಜಿಬಿ ರ‍್ಯಾಮ್, 1 ಜಿಬಿಯ ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕಿನಲ್ಲಿ 65 ಜಿಬಿ ಜಾಗ. ಪ್ರೊಸೆಸರ್ ಇಂಟೆಲ್‌ನ ಕ್ಯೂ6600. ಅದು 2007ರ ಚಿಪ್, ಕೂಡುವುದು 775 ನಂಬರಿನ ಸಾಕೆಟ್ಟಿಗೆ. ಕಾಕಾರ ಬೋರ್ಡಿನ ಸಾಕೆಟ್ಟೂ 775! ಕುಂಡಲಿ ಕೂಡಿತು. ‘ಕನಿಷ್ಠ’ ಎಂಬ ಶಬ್ದ ನಮ್ಮಲ್ಲಿ ಎಷ್ಟು ಮನೆ ಹಾಳು ಮಾಡಿದೆಯೋ ಲೆಕ್ಕವಿಲ್ಲ. ಅದು ಇಲ್ಲದಿದ್ದರೆ ಕಾಕಾ ಆವತ್ತೇ ಸುಮ್ಮನಾಗುತ್ತಿದ್ದರು.

ವರ್ಷಕ್ಕೊಂದು, ಎರಡು ವರ್ಷಕ್ಕೊಂದು ದೀಪಾವಳಿ ಬೋನಸ್ಸಿನಲ್ಲಿ ಒಂದೊಂದು ಸಾಮಾನು ಬಂತು. ಮೊದಲು ರ‍್ಯಾಮ್. 4 ಜಿಬಿ ಹಾಕಿ ಚಾಲೂ ಮಾಡಿದರೆ ಹಳೆಯ 32 ಬಿಟ್ಟಿನ ವಿಂಡೋಸ್ ಮೂರೂಕಾಲು ತೋರಿಸಿತು. ಕಾಕಾ ಹಾಲಿನವನ ಮೇಲೆ ಹರಿಹಾಯುವಂತೆ ಖಡೇಬಜಾರದಾಚೆಯ ಗಲ್ಲಿಯ ರಿಪೇರಿ ಅಂಗಡಿಗೆ ಹೋಗಿ, “ಮುಕ್ಕಾಲು ಜಿಬಿ ಯಾರ್ ನುಂಗ್ಯಾರ?” ಎಂದು ಕೇಳಿದರು. ಅಂಗಡಿಯ ಹುಡುಗ 64 ಬಿಟ್ಟಿನ ಕಥೆ ಹೇಳಿ ಸಮಾಧಾನ ಮಾಡಿದ. ಆ ಅಂಗಡಿಯಲ್ಲಿ ಕಾಕಾ ಚೌಕಾಶಿಗೆ ಮರಾಠಿ, ಸಿಟ್ಟಿಗೆ ಕನ್ನಡ, ವಾರಂಟಿಗೆ ಇಂಗ್ಲಿಷ್ ಬಳಸುತ್ತಾರೆ. ಹುಡುಗ ಯಾವುದಕ್ಕೂ ಒಂದೇ ಉತ್ತರ ಕೊಡುತ್ತಾನೆ: “ಕಾಕಾ, ಹೊಸಾದು ತಗೊಳ್ರಿ.”

ಆಮೇಲೆ ಗ್ರಾಫಿಕ್ಸ್ ಕಾರ್ಡ್. ಯಾರೋ ಆಡಿ ಬಿಟ್ಟ ಜಿಟಿಎಕ್ಸ್ 750 ಟಿಐ. 60 ವ್ಯಾಟ್ ಸಾಕು, ಬೇರೆ ಪವರ್ ವಾಯರೂ ಬೇಡ. ಹಳೆ ಕಂಪ್ಯೂಟರಿನವರ ಪಾಲಿಗೆ ಕಮ್ಮಿ ಉಣ್ಣುವ, ಹೆಚ್ಚು ದುಡಿಯುವ ಆಳು. ಅದರ ಹಿಂದೆ ಎಸ್‌ಎಂಪಿಎಸ್, ಅಂದರೆ ಒಳಗಿನ ಸಾಮಾನಿಗೆಲ್ಲ ಕರೆಂಟು ಹಂಚುವ ಡಬ್ಬಿ. ಅದನ್ನು ಕಾಕಾ ಚೀಟಿ ಓದಿ ಕೊಳ್ಳಲಿಲ್ಲ. ಬದನೆಕಾಯಿ ಆರಿಸುವಂತೆ ಒಂದೊಂದನ್ನೂ ಅಂಗೈಯಲ್ಲಿ ತೂಗಿದರು. “450 ವ್ಯಾಟ್ ಅಂತ ಬರದಾರ, ಹತ್ತಿಯಂಗ ಹಗೂರ ಐತಿ. ಒಳಗ ಏನಿಟ್ಟಾರ, ಗಾಳಿ?” ತೂಕದ್ದೇ ತಂದರು. ತಮಾಷೆಯಲ್ಲ, ಈ ಪರೀಕ್ಷೆ ಬಹುತೇಕ ಖರೆ.

ಪ್ರೊಸೆಸರಿನ ಸರದಿ ಬಂದಾಗ ಕಾಕಾ ಪಟ್ಟಿಯ ಕ್ಯೂ6600 ಬಿಟ್ಟು ‘ಝಿಯಾನ್’ ತರಿಸಿದರು. ದೊಡ್ಡ ದೊಡ್ಡ ಸರ್ವರುಗಳಲ್ಲಿ ಹಗಲು ರಾತ್ರಿ ದುಡಿದು ನಿವೃತ್ತವಾದ ಚಿಪ್ಪು ಅದು, ಅಗ್ಗ, ಚುರುಕು. ತೊಡಕು ಒಂದೇ: ಅದರ ಸಾಕೆಟ್ಟು 771. ಅದನ್ನು 775ಕ್ಕೆ ಕೂಡಿಸಲು ಜಗತ್ತಿನ ಬಡ ಆಟಗಾರರೆಲ್ಲ ಒಂದು ಉಪಾಯ ಕಂಡುಕೊಂಡಿದ್ದಾರೆ. ಎರಡು ಸಂಪರ್ಕಗಳನ್ನು ಅದಲುಬದಲು ಮಾಡುವ, ಟಿಕಳಿಗಿಂತ ತೆಳ್ಳಗಿನ ಒಂದು ಸ್ಟಿಕರನ್ನು ಚಿಪ್ಪಿನ ಬೆನ್ನಿಗೆ ಅಂಟಿಸಬೇಕು. ಸಾಕೆಟ್ಟಿನ ಒಳಬದಿಯ ಎರಡು ಪ್ಲಾಸ್ಟಿಕ್ ಮೊಳೆಗಳನ್ನು ಕೊಯ್ದು ತೆಗೆಯಬೇಕು.

ಆ ರವಿವಾರ ಟಾರ್ಚ್ ಹಿಡಿದವನು ನಾನು. ಕಾಕಾ ಗಡ್ಡದ ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದರು, ಕನ್ನಡಕ ಹಣೆಗೇರಿಸಿದರು, ಉಸಿರು ಬಿಗಿಹಿಡಿದರು. ಸಾಕೆಟ್ಟಿನೊಳಗೆ ಕೂದಲೆಳೆಯಂಥ ನೂರಾರು ಪಿನ್ನುಗಳು. ಒಂದು ಬಗ್ಗಿದರೆ ಬೋರ್ಡು ಕಸದ ಬುಟ್ಟಿಗೆ. ಟಕ್ ಎಂದು ಒಂದು ಮೊಳೆ ಹಾರಿ ನನ್ನ ಚಹಾದೊಳಗೆ ಬಿತ್ತು. “ಕುಡದ್ರ?” “ಇಲ್ಲ.” “ಕುಡಿಬ್ಯಾಡ್ರಿ, ಒಂದ ಐತೋ ಎರಡ ಅದಾವೋ ಎಣಿಸಬೇಕು.” ಚಿಪ್ಪು ಕೂಡಿಸಿ ಬಟನ್ ಒತ್ತಿದರೆ ಉದ್ದನೆಯ ಬೀಪ್. ಕಾಕಾ ಗಾಬರಿಯಾಗಲಿಲ್ಲ. ಮೊಮ್ಮಗಳ ಕಂಪಾಸು ಪೆಟ್ಟಿಗೆಯಿಂದ ರಬ್ಬರು ತೆಗೆದು, ರ‍್ಯಾಮ್ ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಗಸಗಸ ತಿಕ್ಕಿ ಉಫ್ ಎಂದು ಊದಿ ಮತ್ತೆ ಒತ್ತಿದರು. ಚಾಲೂ ಆಯಿತು. ಈ ದೇಶದ ಅರ್ಧ ಕಂಪ್ಯೂಟರುಗಳು ಜೀವ ಹಿಡಿದಿರುವುದು ಎರಡು ರೂಪಾಯಿಯ ರಬ್ಬರಿನ ಮೇಲೆ.

ಇನ್ನು ಆಟ ಇಳಿಸಬೇಕು. ಮೊಬೈಲಿನ ದಿನಕ್ಕೆ ಒಂದೂವರೆ ಜಿಬಿ ಲೆಕ್ಕದಲ್ಲಿ 65ಕ್ಕೆ 44 ದಿನ. ಎಂಟು ವರ್ಷದಲ್ಲಿ ಆಟ ಅದಕ್ಕಿಂತ ಎಷ್ಟೋ ದಪ್ಪಗಾಗಿತ್ತು. ಅಳಿಯನೊಬ್ಬ ಬೆಳಗಾವಿಯಲ್ಲಿ ಒಳ್ಳೆಯ ನೆಟ್ಟಿನ ರೂಮು ಹಿಡಿದಿದ್ದ. 2023ರ ಮಳೆಗಾಲದಲ್ಲಿ ಕಾಕಾ ಕ್ಯಾಬಿನೆಟ್ಟಿಗೆ ಕೌದಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದರು. ಕಂಡಕ್ಟರ್ ಬಂದವನು ಕೌದಿ ನೋಡಿ, “ಕೂಸಿಗೆ ವಯಸ್ಸೆಷ್ಟ್ರೀ?” ಅಂದ. ಕಾಕಾಗೆ ಸುಳ್ಳು ಬರುವುದಿಲ್ಲ. “ಹದಿನೈದು.” ಕಂಡಕ್ಟರ್ ಕೌದಿಯ ತುದಿ ಎತ್ತಿ ನೋಡಿ, ಮುಚ್ಚಿ, “ಹನ್ನೆರಡು ದಾಟೇತಿ, ಹಾಫ್ ಬರಂಗಿಲ್ಲ” ಎಂದು ಮುಂದಕ್ಕೆ ಹೋದ.

ಅದೇ ಹೊತ್ತಿಗೆ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿ ಬಂತು. 200 ಯೂನಿಟ್ ಪುಕ್ಕಟೆ ಎಂದು ಊರೆಲ್ಲ ಕುಣಿದರೂ ಕಾಕು ಸಣ್ಣಕ್ಷರ ಓದಿದ್ದರು: ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಮಾತ್ರ ಹೆಚ್ಚು ಸುಡಬಹುದು. “ನಮ್ದು ಸರಾಸರಿ 60. ಹತ್ತು ಪರ್ಸೆಂಟ್ ಅಂದ್ರ 6. ನಿಮ್ಮ ಡಬ್ಬಿ ಎಷ್ಟ ತಿಂತೈತಿ?” 200 ವ್ಯಾಟ್ ಅಂದರು ಕಾಕಾ. ಕಾಕು ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕ ಗುಣಿಸಿದರು. “ದಿನಕ್ಕ ಒಂದ ತಾಸು. ಮ್ಯಾಲೆ ಒಂದ ನಿಮಿಷ ಇಲ್ಲ.”

ಆ ತಾಸಿನಲ್ಲಿ ಕಾಕಾ ಆಡುತ್ತಿದ್ದದ್ದು ಸೆಟ್ಟಿಂಗ್ಸ್. ಆಟದ ನಗರದಲ್ಲಿ ಎರಡು ಹೆಜ್ಜೆ ಹಾಕುವುದು, ಮೂಲೆಯ ಅಂಕಿ ನೋಡುವುದು, ಮತ್ತೆ ಸೆಟ್ಟಿಂಗ್ಸಿಗೆ ಮರಳುವುದು. ಹುಲ್ಲು ಕಮ್ಮಿ ಮಾಡಿದರು, ನೀರು ಮಂದ ಮಾಡಿದರು. ಆದರೂ ಸೆಕೆಂಡಿಗೆ 12 ಫ್ರೇಮ್. “ಸಿನಿಮಾಕ್ಕ 24. ನಮ್ದು ಹಾಫ್ ಟಿಕೆಟ್” ಎಂದು ತಾವೇ ನಕ್ಕರು. ಕಡೆಗೆ ಫೈಲಿನೊಳಗೆ ಕೈಹಾಕಿ ನೆರಳನ್ನೂ ಸೊನ್ನೆಗಿಳಿಸಿದರು. ಅಂಕಿ 19ಕ್ಕೇರಿತು. ಅಕ್ಕಿ ಆರಿಸುತ್ತ ಕೂತಿದ್ದ ಕಾಕು ತಲೆಯೆತ್ತಿ ನೋಡಿ, “ಅಲ್ರೀ, ಈ ಮಂದಿಗೆ ನೆರಳ ಇಲ್ಲಲ್ರೀ! ದೆವ್ವದ ಊರಾಗ ಯಾಕ ತಿರಗಾಕತ್ತೀರಿ?” ಅಂದರು. ಕಾಕಾ ಅವತ್ತು ಬೇಗ ಬಂದ್ ಮಾಡಿದರು.

ಕಾಕುಗೂ ಅದರಿಂದ ಒಂದು ಉಪಯೋಗವಾಗಿತ್ತು. ಕಣಕುಂಬಿಯ ಕಡೆಯಿಂದ ಮೋಡ ಇಳಿದು ಬಂದರೆ ನಮ್ಮಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಕಾರ್ಡಿನ ಬಿಸಿ ಗಾಳಿ ಹಿಂದಿನಿಂದ ಹೊರಬರುತ್ತದಲ್ಲ, ಅಲ್ಲೊಂದು ದಾರ ಕಟ್ಟಿ ಮೊಮ್ಮಗಳ ಕಾಲುಚೀಲ ಹಾಕುತ್ತಿದ್ದರು. “ಇವತ್ತ ಸ್ವಲ್ಪ ಜೋರ್ ಆಡ್ರಿ, ಎರಡ ಜೋಡಿ ಅದಾವು” ಎಂದು ಅಡುಗೆಮನೆಯಿಂದಲೇ ಕೂಗುವುದನ್ನು ನಾನು ಕೇಳಿದ್ದೇನೆ.

2024ರ ಆಷಾಢದ ಥಂಡಿಗೆ ಬೋರ್ಡು ಸತ್ತಿತು. ರಬ್ಬರಿಗೂ ಏಳಲಿಲ್ಲ. ಬೋರ್ಡು ಬದಲಾದರೆ ಪ್ರೊಸೆಸರು ಹೋಗುತ್ತದೆ, ಹಳೆ ರ‍್ಯಾಮಿನ ಕಚ್ಚು ಬೇರೆ ಜಾಗದಲ್ಲಿದ್ದು ಅದೂ ಕೂಡುವುದಿಲ್ಲ. ಮೂರನೇ ತಲೆಮಾರಿನ ಐ5 ಜೋಡಿ ಸೆಕೆಂಡ್‌ಹ್ಯಾಂಡಿನಲ್ಲಿ ಬಂತು. ಕಾಕು ಕ್ಯಾಲೆಂಡರುಗಳನ್ನೆಲ್ಲ ಹರವಿಕೊಂಡು ಕೂಡಿಸಿದರು: ರ‍್ಯಾಮ್ 800, ಕಾರ್ಡು 6,000, ಎಸ್‌ಎಂಪಿಎಸ್ 2,200, ಝಿಯಾನ್ 1,500, ನಡುವೆ ತಂದ ಎಸ್‌ಎಸ್‌ಡಿ 1,800, ಈಗ ಬೋರ್ಡಿನ ಸಂಸಾರ 5,500. ಒಟ್ಟು 17,800.

“ಹೊಸಾದು ತಗೊಂಡಿದ್ರ 50 ಸಾವಿರ ಆಗ್ತಿತ್ತು” ಅಂದರು ಕಾಕಾ. “32,200 ಉಳಿಸೇನಿ.”

“ಚಲೋ ಆತು. ಉಳಿದದ್ದು ಕೊಡ್ರಿ, ಕಿವ್ಯಾಗಿಂದು ಮಾಡಸ್ತೇನಿ.”

ಕಾಕಾ ಸ್ಕ್ರೂಡ್ರೈವರ್ ಹುಡುಕುವ ನೆವದಲ್ಲಿ ಎದ್ದರು.

ದಸರಾ ಹೊತ್ತಿಗೆ ಬಿಸಿಲು ಬಿತ್ತು. ಕಾಕು ಟ್ರಂಕಿನಲ್ಲಿದ್ದ ಹಳೆಯ ಸಾಮಾನನ್ನೆಲ್ಲ ಮೆಣಸಿನಕಾಯಿಯ ಜೊತೆ ಅಂಗಳಕ್ಕೆ ಹಾಕಿದ್ದರು, ಭಂಗಾರದವನಿಗೆ ಕೊಡಲೆಂದು. ನಾಲ್ಕು ದಿನದ ಬಿಸಿಲುಂಡ ಬೋರ್ಡನ್ನು ಕಾಕಾ ಸುಮ್ಮನೆ ಎತ್ತಿ ಒಳಗೆ ತಂದು, ಪೇಪರಿನ ಮೇಲಿಟ್ಟು, ಹಳೆ ರ‍್ಯಾಮ್, ಹಳೆ ಪೆಂಟಿಯಮ್, ಹಳೆ ಹಗೂರ ಎಸ್‌ಎಂಪಿಎಸ್, 160 ಜಿಬಿ ಡಿಸ್ಕ್ ಎಲ್ಲ ಜೋಡಿಸಿದರು. ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದ್ದೇ, ಬೀಪ್. ಪರದೆಯ ಮೇಲೆ ಮಗನ ಹತ್ತನೇ ಈಯತ್ತೆಯ ಫೋಟೊ ಹಾಕಿದ 2008ರ ಕಂಪ್ಯೂಟರು ಎದ್ದು ಕೂತಿತು. ಆ ಕಡೆ ಕುಂಕುಮದ ಕ್ಯಾಬಿನೆಟ್ಟಿನಲ್ಲಿ ಇನ್ನೊಂದು ಓಡುತ್ತಿತ್ತು.

“ಒಂದ ಇತ್ತು, ಎರಡ ಆತು” ಎಂದು ಕಾಕು ಮೆಣಸಿನಕಾಯಿ ಪುಟ್ಟಿಯೊಂದಿಗೆ ಬಾಗಿಲಲ್ಲೇ ನಿಂತರು.

ಕಾಕಾ ಆ ಕಡೆ ನೋಡಲಿಲ್ಲ. ನನ್ನನ್ನು ಅಂಗಳದ ಮೂಲೆಗೆ ಕರೆದು ಮೆಲ್ಲಗೆ ಕೇಳಿದರು: “ನಿಮ್ಮನಿ ಅಟ್ಟದ ಮ್ಯಾಲೆ ಹಳೇ ಕ್ಯಾಬಿನೆಟ್ ಐತಂತಲ್ರೀ?”