ಗರಗಸ ಓದ್ತಾಳಲ್ಲ, ಮತ್ಯಾಕೆ ಚಿಂತೆ?

ಅಲ್ಲಾ ಅಕ್ಕಾ, ಮೊಮ್ಮಗಳಿಗೆ ಇನ್ನೂ ಅ ಆ ಇ ಈ ಪೂರ್ತಿ ಬರಲ್ಲ ಅಂತ ಯಾಕೆ ಕೊರಗ್ತೀರಿ? ಅವಳ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಶುರುವಾಗೋದೇ ರ, ಗ, ಸ, ದ, ಅ ಅಂತ. ಈ ಐದು ಕೈಗೆ ಹತ್ತಿದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ನಿನ್ನೆ ಇದೇ ಬೇಲಿ ಹತ್ತಿರ ನಿಂತು ‘ಗರಗಸ’ ಅಂತ ಮಣ್ಣಲ್ಲಿ ಬರೆದು ತೋರಿಸಿದಳು ನನಗೆ. ವರ್ಣಮಾಲೆ ಪೂರ್ತಿ ಒಪ್ಪಿಸಿಬಿಟ್ಟು ಒಂದು ಪದ ಕೂಡಿಸಲಾರದೆ ಒದ್ದಾಡೋ ಮಕ್ಕಳನ್ನ ನೋಡಿದ್ದೀನಿ. ಇವಳು ಓದ್ತಿದ್ದಾಳೆ ಅಕ್ಕಾ!

ಈ ನಲಿ-ಕಲಿ ನಮ್ಮ ಎಚ್.ಡಿ. ಕೋಟೆಯಲ್ಲೇ 1995ರಲ್ಲಿ ಶುರುವಾದದ್ದು. ಇಲ್ಲಿನ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳನ್ನ ನೋಡಿಕೊಂಡು ಬಂದು ಮಕ್ಕಳು ಕಲಿಯೋ ಕಾರ್ಡು ಮಾಡಿದರು. ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು. ಕೊಡಗಿನ ತೋಟದ ಕೆಲಸಕ್ಕೆ ಅಪ್ಪ-ಅಮ್ಮನ ಜೊತೆ ಹೋಗಿಬರೋ ಮಕ್ಕಳಿದ್ದಾರಲ್ಲ, ಅವರಿಗೆ ಇದಕ್ಕಿಂತ ನ್ಯಾಯವಾದ ಪದ್ಧತಿ ನನಗೆ ಗೊತ್ತಿಲ್ಲ. ಕಲಿಕೆಯ ಏಣಿಯಲ್ಲಿ ತಾವು ಬಿಟ್ಟಿದ್ದ ಮೆಟ್ಟಿಲಿಂದಲೇ ಮುಂದಕ್ಕೆ ಕಲಿಯಬಹುದು. ‘ಪಾಠ ಮುಂದೆ ಹೋಯ್ತು, ನೀನು ಹಿಂದೆ ಬಿದ್ದೆ’ ಅನ್ನೋ ಮಾತೇ ಬರಲ್ಲ.

ಯಾವ ಮಗು ಎಲ್ಲಿದೆ ಅಂತ ಟೀಚರಿಗೆ ಹೇಗೆ ಗೊತ್ತಾಗುತ್ತೆ ಅಂತೀರಾ? ಕೂತಿರೋ ಗುಂಪು ನೋಡಿದರೇ ಅರ್ಧ ತಿಳಿಯುತ್ತೆ. ಹೊಸದು ಕಲಿಯೋರು ಟೀಚರ್ ಪಕ್ಕ, ಸ್ವಲ್ಪ ಹಿಡಿತ ಬಂದೋರು ಗೆಳೆಯರ ಜೊತೆ, ಚೆನ್ನಾಗಿ ಬಂದೋರು ತಾವೇ ಮಾಡಿಕೊಳ್ಳೋ ಗುಂಪಲ್ಲಿ. ಉಳಿದದ್ದು ‘ಪ್ರಗತಿ ನೋಟ’ ಅನ್ನೋ ದಾಖಲೆಯಲ್ಲಿ ಇರುತ್ತೆ. ಒಂದು ಮೈಲಿಗಲ್ಲು ಮುಗಿದರೆ ಅಲ್ಲಿ ಗುರುತು.

ಈ ಗುರುತಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಮಗು ಯಾರ ಸಹಾಯವೂ ಇಲ್ಲದೆ ಮಾಡಿದ್ದನ್ನ ಕಣ್ಣಾರೆ ಕಂಡ ಮೇಲೇ ಗುರುತು ಹಾಕಬೇಕು. ಅದೂ ಆ ಕಾರ್ಡಿನ ಪದವನ್ನೇ ಓದಿಸಿ ಸುಮ್ಮನಾದರೆ ಆಗಲ್ಲ, ಚಿತ್ರ ನೋಡಿ ಊಹಿಸಿರಬಹುದು. ಅವೇ ಅಕ್ಷರದ್ದು ಬೇರೆ ಪದ ಕೊಡಬೇಕು. ನಾಕು ದಿನ ಬಿಟ್ಟು ಇನ್ನೊಂದು ಸಲ ಕೇಳಬೇಕು. ಮರೆತಿದ್ದರೆ ಬೈಯದೆ ಹಿಂದಿನ ಕಾರ್ಡು ಕೊಟ್ಟು ಕೂರಿಸಬೇಕು; ಮಕ್ಕಳು ಮರೆಯೋದು ಸಹಜ. ಸಂಜೆ ಕೂತು ನೆನಪಿನ ಮೇಲೆ ಇಡೀ ತರಗತಿಗೆ ಒಂದೇ ಸಲ ಗುರುತು ಹಾಕಿದರೆ ದಾಖಲೆ ತುಂಬುತ್ತೆ, ಯಾವ ಮಗುವಿಗೂ ಉಪಕಾರ ಆಗಲ್ಲ. ಹಾಗಂತ ಟೀಚರನ್ನೇ ದೂರೋದೂ ತಪ್ಪು ಅಕ್ಕಾ. ಮೂರು ತರಗತಿ ಒಂದೇ ಕೋಣೇಲಿ, ಜೊತೆಗೆ ಬಿಸಿಯೂಟದ ಲೆಕ್ಕ, ಮೇಲಿನಿಂದ ಕೇಳೋ ಮಾಹಿತಿ. ಒಂದೊಂದು ಮಗುವಿನ ಪಕ್ಕ ಕೂರೋಕೆ ಹೊತ್ತು ಎಲ್ಲಿದೆ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬಣ್ಣ, ಬೀರು ಅಂತ ಕೇಳೋ ಬದಲು ಇನ್ನೊಬ್ಬ ಟೀಚರ್ ಬೇಕು ಅಂತ ನಾವೆಲ್ಲ ಸೇರಿ ಅರ್ಜಿ ಕೊಡಬೇಕು.

ಶನಿವಾರ ಬೆಳಗಿನ ಶಾಲೆ ತಾನೇ, ಬಿಡೋ ಹೊತ್ತಿಗೆ ಹೋಗಿ. ಎಷ್ಟು ಮಾರ್ಕ್ಸು, ಎಷ್ಟನೇ ನಂಬರು ಅಂತ ಕೇಳಬೇಡಿ. ಯಾವ ಮೆಟ್ಟಿಲಲ್ಲಿದ್ದಾಳೆ, ಎಲ್ಲಿ ತಡವರಿಸ್ತಾಳೆ ಅಂತ ಕೇಳಿ. ಮನೇಲಿ ಏನು ಮಾಡಿಸಬೇಕು ಅಂತಾನೂ ಟೀಚರೇ ಹೇಳ್ತಾರೆ.